ಎರಡು ಬೆರಳು ಅಂಚು

ಮುಂಜಾನೆ ಎಂಟಕ್ಕ ಉದ್ಯಮಬಾಗದ ಗೇಟಿನಾಗ
ಐದು ಪೇಪರು ನನಗಾಗಿ ಕಾಯ್ತಿರ್ತಾವ,
ಕನ್ನಡದ್ದು ಎರಡು, ಮರಾಠಿ ಎರಡು, ಇಂಗ್ಲಿಷಿನದೊಂದು,
ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಂಡು.
ಫೌಂಡ್ರಿಯ ಪ್ರಚಾರ ವಿಭಾಗ ಅಂದ್ರ ನಾನು.
ಒಂದು ಟೇಬಲ್ಲು, ಒಂದು ಸ್ಕ್ಯಾನರು,
ಮತ್ತ ಈ ಕತ್ತರಿ.

ಕತ್ತರಿ ನಮ್ಮಪ್ಪಂದು.
ಶಹಾಪುರದ ಗಲ್ಲಿಯಾಗ ಮೂವತ್ತೊಂದು ವರ್ಷ ಹೊಲಿದಾಂವ.
ಬಟ್ಟಿ ಕತ್ತರಿಲೆ ಕಾಗದ ಮುಟ್ಟಿದ್ರ
ಧಾರಿ ಸಾಯ್ತದ ಅಂತ ಬೈತಿದ್ದ.
ಸತ್ತದ.

ಕೆಲಸ ಸರಳ ಅದರಿ.
ಕಂಪನಿ ಹೆಸರು ಹುಡುಕೋದು,
ಹೆಸರಿನ ಸುತ್ತ ಮುಖ ಹೆಂಗದ ನೋಡೋದು,
ನಗತಿದ್ರ ಕತ್ತರಿಸಿ ನಮ್ಮ ಸುದ್ದಿಪುಟಕ್ಕ ಏರಿಸೋದು.
ಇಂಗ್ಲಿಷಿನದಾದ್ರ ಉಗುರಿನಷ್ಟಿದ್ರೂ ನಡೀತದ.
ಮರಾಠಿದು ದೊಡ್ಡದಿರಬೇಕು. ಕನ್ನಡದ್ದಕ್ಕ ಫೋಟೋ ಬೇಕೇ ಬೇಕು.
ಮೂಲ್ಯಾಗ ಸಣ್ಣಕ್ಷರದಾಗ ಜಾಹೀರಾತು ಅಂತಿದ್ರ
ಮೂಲಿ ಹಾರಸೋದು.
ರಕ್ತದಾನ ಶಿಬಿರ ಏರಿತು.
ಸಸಿ ನೆಟ್ಟದ್ದು ಏರಿತು,
ಮರುವರ್ಷ ಅದೇ ಕುಣಿಯಾಗ ನೆಟ್ಟದ್ದೂ ಏರಿತು.
ಕುಂದಾ ಹಂಚಿದ ಫೋಟೋದಾಗ ಮಾಲಕರು ಅರ್ಧ ಮಾತ್ರ ಬಂದಿದ್ರು,
ಅದು ಏರಲಿಲ್ಲ.

"ಒಳ್ಳೇದು ಕೆಟ್ಟದ್ದು ಅಂತೇನಿಲ್ಲ," ದೇಸೂರಕರ ಸಾಹೇಬರು ಅಂತಾರ,
"ಪ್ರಸ್ತುತ, ಅಪ್ರಸ್ತುತ. ಅಷ್ಟ."
ಚಹಾದ ಕಪ್ಪು ಅಪ್ರಸ್ತುತದ ಮ್ಯಾಲ ಇಡತಾರ.

ಬರೀ ಹೊಗಳೋ ವರದಿಗಾರ ಸಿಗೋದು ಕಷ್ಟ.
ಇರ್ಷಾದ ಮುಜಾವರ ಬರದಿದ್ದು ನೋಡ್ರಿ:
"ಈ ಫೌಂಡ್ರಿಯ ಎರಕಕ್ಕೆ ದೇಶದಲ್ಲೇ ಹೆಸರು, ಆದರೆ
ಹಿಂದಿನ ಓಣಿಯ ಅರಿವೆಗಳು ಒಣಗುವ ಮೊದಲೇ ಕಪ್ಪಾಗುತ್ತವೆ."
ಆದರೆ. ಮೂರಕ್ಷರ.
ಅದರ ಜಾಗಕ್ಕ ಮೂರು ಚುಕ್ಕಿ.
ಲೆಕ್ಕ ಚುಕ್ತಾ.

ಒಮ್ಮೆ ಮೂರನೇ ರೈಲ್ವೆ ಗೇಟಿನಾಗ ಸಿಕ್ಕ ಇರ್ಷಾದ.
"ಅಕ್ಕಾ, ನಿಮ್ಮ ಪುಟದಾಗ ನಾ ಭಾಳ ಛಲೋ ಬರೀತೀನಿ" ಅಂದ.
ಗೂಡ್ಸು ಉದ್ದ ಇತ್ತು.
ಗೇಟು ತೆರೀತು, ಇಬ್ಬರೂ ಗಾಡಿ ಚಾಲೂ ಮಾಡಿದ್ವಿ.

ಕತ್ತರಿಸಿದ ತುಂಡಿಗೆ ಬೆನ್ನೂ ಇರ್ತದ.
ಪ್ರಶಸ್ತಿ ಸ್ವೀಕಾರದ ಬೆನ್ನಿಗೆ
ಯಾರದೋ ಹನ್ನೊಂದನೇ ದಿನದ ಪ್ರಕಟಣೆ,
ಫೋಟೋ ಹಣಿಗೇ ನಿಂತದ.
ತೂತುಬಿದ್ದ ಪೇಪರು ರದ್ದಿಗೆ.
ಚುರಮುರಿ ಸೋರ್ತದಂತ ಗಾಡಿಯಾಂವ
ಕಿಲೋಕ್ಕ ಎರಡು ರೂಪಾಯಿ ಮುರಕೊಂಡು ಕೊಡತಾನ.

ಶ್ರಾವಣದ ಎರಡನೇ ಶುಕ್ರವಾರ
ಒಂದೇ ಪುಟದಾಗ ಎರಡು ಬಂದ್ವು.
ರಫ್ತು ಪ್ರಶಸ್ತಿ, ನಾಕು ಕಾಲಂ, ಬಣ್ಣದಾಗ.
ಅದಕ್ಕ ಹತ್ತಿ ಬಲಕ್ಕ, ಒಂದು ಕಾಲಂ, ಬೆರಳುದ್ದ:
ಎರಡನೇ ಪಾಳಿ, ಕುಲುಮೆ ಮೂರು,
ಭರಮಾ ಹುಂದರೆ, ನಲವತ್ತನಾಕು,
ಬಲಗೈ ಮಣಿಕಟ್ಟಿನ ತನಕ.
ಎರಡರ ಕೆಳಗೂ ಇರ್ಷಾದನ ಹೆಸರು.

ಭರಮಾ ದಿನಾ ಪಾಳಿಗೆ ಹೋಗೋ ಮುಂದ
ನನ್ನ ಟೇಬಲ್ಲಿನ ಮರಾಠಿ ಪೇಪರಿನಾಗ ಕುಸ್ತಿ ಸುದ್ದಿ ಓದಿ,
ಮೊದಲಿನ ಮಡಿಕಿ ತಪ್ಪದಂಗ ಮಡಚಿಟ್ಟು ಹೋಗತಿದ್ದ.
"ಕತ್ತರಿಸೀರಿ ಮತ್ತ, ಹಿಂದ ಕುಸ್ತಿ ಅದ" ಅಂತಿದ್ದ.

ಅಪ್ಪ ಹೇಳತಿದ್ದ: ಬೆಳೆಯೋ ಹುಡುಗರ ಅಂಗಿಗೆ
ಎರಡು ಬೆರಳು ಬಟ್ಟಿ ಒಳಗ ಬಿಡಬೇಕು.
ಇವತ್ತ ಕಾಣೂದಿಲ್ಲ,
ನಾಳೆ ಬಿಚ್ಚಲಿಕ್ಕ ಬೇಕಾಗ್ತದ.

ಬಲಗಡೆ ಎರಡು ಬೆರಳು ಬಿಟ್ಟು ಕತ್ತರಿಸಿದೆ.

ಸುದ್ದಿಪುಟದಾಗ ಈಗ
ಮಾಲಕರು ಫಲಕ ಹಿಡಕೊಂಡು ನಗತಾರ.
ಅವರ ಮೊಣಕೈ ಪಕ್ಕಕ್ಕ, ಉದ್ದಕ್ಕೂ,
ಸೀಳಿದ ಸಾಲುಗಳ ಮೊದಲ ಅಕ್ಷರಗಳು:
ಎರಡ
ಕುಲು
ಭರ
ಬಲಗೈ ಮ

ಸಾಹೇಬರು ಇನ್ನೂ ನೋಡಿಲ್ಲ.
ಅಂಚ್ಯಾಕ ಹಿಂಗದ ಅಂತ ಕೇಳಿದ್ರ
ಕತ್ತರಿ ಮೊಂಡ ಆಗೇದ್ರಿ ಅಂತೀನಿ.
ಅದು ಸುಳ್ಳಲ್ಲ.